ಇಳಕಲ್ ಸೀರೆಯಿಂದ ಮಗುವಿನ ಜೋಳಿಗೆ ಹೊಲಿಯಬಹುದೇ?

ಪ್ರಶ್ನೆ (ಧಾರವಾಡದಿಂದ)

ನನ್ನ ಮಗಳಿಗೆ ಈಗ ಐದು ತಿಂಗಳು. ಕೆಳಗೆ ಮಲಗಿಸಿದೊಡನೆ ಅಳುವ, ಎದೆಗೆ ಅವುಚಿಕೊಂಡರೆ ಸುಮ್ಮನಾಗುವ ಕೂಸು. ಆದ್ದರಿಂದ ಎರಡು ರಿಂಗುಗಳ ಮೂಲಕ ಬಟ್ಟೆಯನ್ನು ಹಾಯಿಸಿ ಒಂದೇ ಭುಜಕ್ಕೆ ಹಾಕಿಕೊಳ್ಳುವ ಜೋಳಿಗೆಯನ್ನು ಮನೆಯಲ್ಲಿಯೇ ಹೊಲಿಯಬೇಕೆಂದಿದ್ದೇನೆ. ಅವ್ವ ಅದಕ್ಕೆಂದೇ ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಕೊಟ್ಟಿದ್ದಾಳೆ. ಅದು ಮಗುವಿನ ಭಾರವನ್ನು ತಾಳುತ್ತದೆಯೇ? ರಿಂಗಿನ ಬದಲು ಪರದೆಯ ಬಳೆಯನ್ನು ಬಳಸಬಹುದೇ? ಮನೆಯಲ್ಲಿರುವುದು ಸಾಮಾನ್ಯ ಹೊಲಿಗೆ ಯಂತ್ರ.

ಉತ್ತರ 1 (ಗದಗದಿಂದ, ಹೊಲಿಗೆ ಕೆಲಸದವರು)

ತಂಗಿ, ಅವ್ವನ ಸೀರೆಯಲ್ಲಿಯೇ ಮಗಳನ್ನು ಹೊರಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಆ ಸೀರೆಗೆ ಮಗುವಿನ ಭಾರವನ್ನು ಹೊರಿಸಬೇಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಓಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಮೈಮೇಲೆ ಉಡಲು ಚೆಂದವಾದ ಆ ಕೂಡಿಕೆಯನ್ನು ಏಳೆಂಟು ಕಿಲೋ ಭಾರ ದಿನವೂ ಜಗ್ಗುವ ಜಾಗದಲ್ಲಿ ನಂಬಬಾರದು. ಸೆರಗಿನ ರೇಷ್ಮೆ ರಿಂಗಿನಲ್ಲಿ ಜಾರುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಸೀರೆ ಮಡಿಕೆಯ ಗೆರೆಯಲ್ಲಿಯೇ ಪಿಸಿದುಹೋಗುವುದೂ ಉಂಟು.

ಕೈಮಗ್ಗದ ಗಟ್ಟಿ ಹತ್ತಿ ಬಟ್ಟೆಯನ್ನು ಎರಡೂಕಾಲು ಮೀಟರ್ ತನ್ನಿ. ಕತ್ತರಿಸುವ ಮೊದಲೇ ಅದನ್ನು ಎರಡು ಸಲ ಬಿಸಿನೀರಿನಲ್ಲಿ ಒಗೆದು ಒಣಗಿಸಿದರೆ ಕುಗ್ಗುವುದೆಲ್ಲ ಆಗಲೇ ಕುಗ್ಗುತ್ತದೆ. ಬಳಿಕ ಉದ್ದವು ಹಾಸಿನ ಎಳೆಯ ಗುಂಟ ಬರುವಂತೆ 2 ಮೀಟರ್ ಉದ್ದ, 75 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಅಂಚು ಮಡಚಿರಿ. ಒಂದು ತುದಿಗೆ ನೆರಿಗೆ ಹಿಡಿದು, ಎರಡೂ ರಿಂಗುಗಳೊಳಗೆ ತೂರಿಸಿ, 20 ಸೆಂ.ಮೀ.ಯಷ್ಟು ಹಿಂದಕ್ಕೆ ಮಡಚಿ, ಆ ಮಡಿಕೆಗೆ ಅಡ್ಡಲಾಗಿ ಮೂರು ಸಾಲು ಹೊಲಿಗೆ ಹಾಕಿ, ಪ್ರತಿ ಸಾಲಿನ ಎರಡೂ ತುದಿಯಲ್ಲಿ ಹಿಂದೆ ಮುಂದೆ ಹೊಲಿದು ಬಿಗಿಮಾಡಿರಿ. ಜೋಳಿಗೆಯ ಜೀವವಿರುವುದು ಈ ಮೂರು ಸಾಲುಗಳಲ್ಲಿ. ದಾರ ಪಾಲಿಯೆಸ್ಟರ್‌ನದೇ ಇರಲಿ. ಬಟ್ಟೆ ಅಲ್ಲಿ ಬಹಳ ದಪ್ಪವಾಗುವುದರಿಂದ 16ನೇ ನಂಬರಿನ ಸೂಜಿ ಹಾಕಿ, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ನಿಧಾನವಾಗಿ ಹೊಲಿಯಿರಿ.

ಪರದೆಯ ಬಳೆ ಬೇಡವೇ ಬೇಡ. ಅದನ್ನು ಮಾಡುವುದು ಬಟ್ಟೆಯ ತೂಕಕ್ಕೆ, ಮಗುವಿನ ತೂಕಕ್ಕಲ್ಲ. ಬ್ಯಾಗಿಗೆ ಹಾಕುವ ರಿಂಗುಗಳು ಬೆಸುಗೆಯ ಜಾಗದಲ್ಲಿ ಬಾಯಿಬಿಡುತ್ತವೆ. ಈ ಕೆಲಸಕ್ಕೆಂದೇ ಮಾಡಿದ, ಬೆಸುಗೆಯಿಲ್ಲದ, 3 ಇಂಚು ಒಳವ್ಯಾಸದ ಅಲ್ಯೂಮಿನಿಯಂ ರಿಂಗುಗಳನ್ನೇ ತರಿಸಿಕೊಳ್ಳಿ. ಅವ್ವನ ಸೀರೆಯ ದಡಿಯನ್ನು ಭಾರ ಬೀಳದ ಇಳಿಬಿದ್ದ ತುದಿಗೆ ಅಂಚಾಗಿ ಹೊಲಿದುಕೊಳ್ಳಿ, ಅದು ಕಣ್ಣೆದುರಿಗೇ ಇರುತ್ತದೆ.

ಉತ್ತರ 2 (ಮೈಸೂರಿನಿಂದ, ಮಕ್ಕಳ ವಾರ್ಡಿನ ದಾದಿ)

ಹೊಲಿಗೆಯ ಬಗ್ಗೆ ಅಕ್ಕ ಹೇಳಿದ ಮೇಲೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ನನ್ನ ಚಿಂತೆಯಿರುವುದು ಮಗುವಿನ ಕುತ್ತಿಗೆಯ ಬಗ್ಗೆ. ಜೋಳಿಗೆ ಎಂದೊಡನೆ ನಮಗೆ ತೊಲೆಗೆ ಕಟ್ಟಿದ ಸೀರೆಯ ಜೋಲಿ ನೆನಪಾಗಿ, ಮಗುವನ್ನು ಅದರಲ್ಲಿ ಅಡ್ಡಲಾಗಿ ಮಲಗಿಸಲು ಮನಸ್ಸಾಗುತ್ತದೆ. ಹಾಗೆ ಮಾಡಿದಾಗ ಬೆನ್ನು ಬಾಗಿ, ಗದ್ದ ಎದೆಗೆ ಒತ್ತಿ, ಸದ್ದಿಲ್ಲದೆ ಉಸಿರಾಟಕ್ಕೆ ಅಡ್ಡಿಯಾಗಬಹುದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2010ರ ಮಾರ್ಚ್‌ನಲ್ಲಿ, ನಾಲ್ಕು ತಿಂಗಳಿಗಿಂತ ಚಿಕ್ಕ ಶಿಶುಗಳ ವಿಷಯದಲ್ಲಿ ಇದೇ ಎಚ್ಚರಿಕೆಯನ್ನು ನೀಡಿತ್ತು. ನಿಮ್ಮ ಮಗಳು ಆ ವಯಸ್ಸನ್ನು ದಾಟಿದ್ದರೂ ಅವಳನ್ನು ನೆಟ್ಟಗೇ ಕೂರಿಸಿಕೊಳ್ಳಿ: ನೀವು ತಲೆ ಬಾಗಿಸಿದರೆ ಅವಳ ನೆತ್ತಿಗೆ ಮುತ್ತಿಡುವಷ್ಟು ಎತ್ತರದಲ್ಲಿ, ಮೂಗುಬಾಯಿ ಸದಾ ಕಾಣುವಂತೆ, ಗದ್ದದ ಕೆಳಗೆ ನಿಮ್ಮ ಒಂದು ಬೆರಳು ಹಿಡಿಸುವಂತೆ. ಬಟ್ಟೆಯು ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಹರಡಿ, ಮಂಡಿಗಳು ಕುಂಡೆಗಿಂತ ಮೇಲಿದ್ದರೆ ಸೊಂಟದ ಕೀಲಿಗೂ ಒಳ್ಳೆಯದು. ಅವಧಿಗೆ ಮುನ್ನ ಹುಟ್ಟಿದ ಮಗುವಾಗಿದ್ದರೆ ವೈದ್ಯರನ್ನು ಕೇಳದೆ ಹಾಕಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ವಂದನೆಗಳು. ಹೊಲಿದು ಮುಗಿಸಿ, ಮಗುವಿನ ತೂಕ ಏಳು ಕಿಲೋ ಆದ್ದರಿಂದ ಮೊದಲು ಹದಿನೈದು ಕಿಲೋ ಅಕ್ಕಿಯ ಚೀಲವಿಟ್ಟು ತೂಗುಹಾಕಿದೆ. ನಡುವಿನ ಸಾಲಿನಲ್ಲಿ ಯಂತ್ರವು ಹೊಲಿಗೆ ತಪ್ಪಿಸಿದ್ದು ಆಗ ಕಂಡಿತು. ಆ ಸಾಲನ್ನು ಪೂರ್ತಿ ಬಿಚ್ಚಿ, ಹೊಸ ಸೂಜಿಯಿಂದ ಮತ್ತೆ ಹಾಕಿದ್ದೇನೆ. ಇನ್ನೊಂದು ಸಂದೇಹ: ಇದರಲ್ಲಿ ಮಗುವನ್ನು ಕೂರಿಸಿಕೊಂಡು ಯಜಮಾನರ ಸ್ಕೂಟರಿನ ಹಿಂದೆ ಹೋಗಬಹುದೇ?

ಉತ್ತರ 3 (ಬೆಂಗಳೂರಿನಿಂದ)

ದಯವಿಟ್ಟು ಹೋಗಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ದ್ವಿಚಕ್ರ ವಾಹನದಲ್ಲಿ ಸುರಕ್ಷತಾ ಬೆಲ್ಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂದು ಕೇಂದ್ರ ಸಾರಿಗೆ ಸಚಿವಾಲಯವು 2022ರ ಫೆಬ್ರವರಿಯಲ್ಲಿ ನಿಯಮ ಹೊರಡಿಸಿದೆ. ಒಂಬತ್ತು ತಿಂಗಳು ದಾಟಿದ ಮಕ್ಕಳಿಗೆ ಹೆಲ್ಮೆಟ್ಟೂ ಬೇಕು. ಬಟ್ಟೆಯ ಜೋಳಿಗೆ ಆ ಬೆಲ್ಟಿನ ಜಾಗವನ್ನು ತುಂಬುವುದಿಲ್ಲ, ಐದು ತಿಂಗಳ ಮಗುವಿನ ಕುತ್ತಿಗೆ ರಸ್ತೆಯ ಕುಲುಕಾಟವನ್ನು ತಡೆಯುವುದೂ ಇಲ್ಲ. ಅದನ್ನು ನಡೆಯುವಾಗ ಮಾತ್ರ ಹಾಕಿಕೊಳ್ಳಿ. ಒಲೆಯ ಮುಂದೆ ನಿಲ್ಲುವಾಗಲೂ ತೆಗೆದಿಡಿ.