ಪದಚರ್ಚೆ: ಫೋಟೊ ಎಡಿಟಿಂಗ್ ಬರಹದಲ್ಲಿ 'ವೇಗ' ಒಂದೇ ಸಾಕೇ?

ಎಲ್ಲರಿಗೂ ನಮಸ್ಕಾರ.

ರಾ ಫೋಟೊ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಕಡತ) ತಿದ್ದುವ ಡಾರ್ಕ್‌ಟೇಬಲ್ ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎಂಥ ಕಂಪ್ಯೂಟರ್ ಬೇಕು ಎಂದು ಹೇಳುವ ಅಧ್ಯಾಯದಲ್ಲಿ 'ವೇಗ' ಎಂಬ ಪದವೇ ತೊಡಕಾಗಿದೆ.

ಬೆಳಕು, ಬಣ್ಣ ಹೊಂದಿಸುವ ಸ್ಲೈಡರ್ ಎಳೆದ ಕೂಡಲೇ ಪರದೆಯ ಚಿತ್ರ ಬದಲಾಗುತ್ತದೋ ಇಲ್ಲವೋ ಎಂಬುದು ಒಂದು ವಿಷಯ. ಮದುವೆಯ ಫೋಟೊಗಳನ್ನೆಲ್ಲ ಎಕ್ಸ್‌ಪೋರ್ಟ್‌ಗೆ (ತಿದ್ದಿದ್ದನ್ನು ಅಂತಿಮ ಕಡತವಾಗಿ ಉಳಿಸುವುದಕ್ಕೆ) ಹಾಕಿದರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಬೇರೆಯೇ ವಿಷಯ. ಎರಡಕ್ಕೂ 'ವೇಗ' ಎಂದೇ ಬರೆದರೆ ಓದಿದವರು ಬೇಡದ ಭಾಗಕ್ಕೆ ದುಡ್ಡು ಸುರಿದಾರು.

ಉದಾಹರಣೆಗೆ, 1920×1080ರ ಮಾನಿಟರ್ ತೆಗೆದು 3840×2160ರದ್ದು ಇಟ್ಟಿರಿ ಎನ್ನೋಣ. ತಿದ್ದುವಾಗ ಈ ತಂತ್ರಾಂಶ ಮುಖ್ಯವಾಗಿ ಪರದೆಗೆ ಬೇಕಾದಷ್ಟು ಪಿಕ್ಸೆಲ್‌ಗಳನ್ನೇ ಲೆಕ್ಕ ಹಾಕುತ್ತದೆ. ಈಗ ಅವು ನಾಲ್ಕು ಪಟ್ಟಾದವು. ಸ್ಲೈಡರ್ ಭಾರವಾಗುತ್ತದೆ, ಎಕ್ಸ್‌ಪೋರ್ಟ್ ಸಮಯ ಮಾತ್ರ ಮೊದಲಿನಷ್ಟೇ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯದು ಇದಕ್ಕೆ ತಿರುಗುಮುರುಗು. ಎಕ್ಸ್‌ಪೋರ್ಟಿಗೆ ಇಡೀ ಚಿತ್ರವನ್ನೇ ಲೆಕ್ಕ ಹಾಕಬೇಕು. 24 ಮೆಗಾಪಿಕ್ಸೆಲ್ ಚಿತ್ರ, ಪಿಕ್ಸೆಲ್ಲಿಗೆ 16 ಬೈಟ್: ಒಂದು ಪ್ರತಿಗೇ 384 ಮೆಗಾಬೈಟ್ ಆಯಿತು. ತಿದ್ದುವಿಕೆಯ ಒಂದೊಂದು ಹಂತಕ್ಕೂ ಒಳಬರುವ ಪ್ರತಿ, ಹೊರಹೋಗುವ ಪ್ರತಿ ಎರಡೂ ಬೇಕು. ಕೆಲವಕ್ಕೆ ಇನ್ನೂ ಹೆಚ್ಚು. ಜಾಗ ಸಾಲದಿದ್ದರೆ ಚಿತ್ರವನ್ನು ತುಂಡು ತುಂಡಾಗಿಸಿ, ಅಂಚುಗಳನ್ನು ಎರಡೆರಡು ಸಲ ಲೆಕ್ಕ ಹಾಕಬೇಕಾಗುತ್ತದೆ. ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಎಕ್ಸ್‌ಪೋರ್ಟಿಗೆ. ಎಸ್‌ಎಸ್‌ಡಿಯಿಂದ (ಹಾರ್ಡ್ ಡಿಸ್ಕಿನ ಬದಲು ಬಳಸುವ ಚಿಪ್ ಡಿಸ್ಕ್) ಫೋಟೊ ತೆರೆಯುವುದು, ಆರಿಸುವುದು ಸಲೀಸಾಗುತ್ತದೆ. ತೆರೆದ ಫೋಟೊದ ಸ್ಲೈಡರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಹಾಗಾಗಿ ಸ್ಲೈಡರಿಗೆ ಚಿತ್ರ ತಟ್ಟನೆ ಬದಲಾಗುವುದಕ್ಕೆ 'ಚುರುಕು', ಎಕ್ಸ್‌ಪೋರ್ಟ್ ಬೇಗ ಮುಗಿಯುವುದಕ್ಕೆ 'ವೇಗ' ಎಂದು ಬಳಸುವ ಆಲೋಚನೆ ನನ್ನದು. ಚುರುಕಾದ ಹುಡುಗಿ ಎಂದರೆ ಹೇಳಿದ್ದನ್ನು ತಟ್ಟನೆ ಹಿಡಿದುಕೊಳ್ಳುವವಳು ತಾನೇ? ಆ ಅರ್ಥ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಪತ್ರಿಕೆಗಳಲ್ಲಿ 'ಬಿತ್ತನೆ ಚುರುಕು', 'ಕಾಮಗಾರಿ ಚುರುಕು' ಎಂದು ಬರುತ್ತದಲ್ಲ, ಅಲ್ಲಿ ಅದು ಒಟ್ಟು ಕೆಲಸ ಸಾಗುವ ಬಗೆಯನ್ನೇ ಹೇಳುತ್ತದೆ. ಓದುಗರಿಗೆ ಇದು ಗೊಂದಲವಾದೀತೇ?

ವಿರುದ್ಧಪದ ಇನ್ನೂ ಕಷ್ಟ. 'ಮಂದ' ಎಂದರೆ ಫೋಟೊಗ್ರಫಿಯಲ್ಲಿ ಬೆಳಕಿನ ಮಾತಾಗಿಬಿಡುತ್ತದೆ. 'ಜಡ' ಯಾಕೋ ತೀರಾ ಗಡುಸು. ಸ್ಟುಡಿಯೋದವರು 'ಲ್ಯಾಗ್ ಆಗ್ತಿದೆ' ಅನ್ನುತ್ತಾರೆ. 'ಸ್ಲೈಡರ್ ತಡವರಿಸುತ್ತದೆ' ಎಂದು ಬರೆದು ನೋಡಿದೆ, ನನಗಂತೂ ಹಿಡಿಸಿತು. ತಡವರಿಸುವುದು ಮಾತಿಗೂ ನಡಿಗೆಗೂ ಸಲ್ಲುವ ಕ್ರಿಯಾಪದ, ಯಂತ್ರಕ್ಕೂ ಸಲ್ಲಬಾರದೇಕೆ?

'ರಾ'ವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. 'ಕಚ್ಚಾ' ಎಂದರೆ ಕಚ್ಚಾ ರಸ್ತೆಯ ಹಾಗೆ ಗುಣಮಟ್ಟ ಕಡಿಮೆ ಎಂಬ ಧ್ವನಿ ಬರುತ್ತದೆ, ನಿಜದಲ್ಲಿ ಹೆಚ್ಚು ಮಾಹಿತಿ ಇರುವುದು ಆ ಕಡತದಲ್ಲೇ.

ಧಾರವಾಡ, ಮಂಗಳೂರು ಕಡೆಯವರು 'ಚುರುಕು', 'ತಡವರಿಸು' ಎರಡನ್ನೂ ನಿಮ್ಮ ಕಿವಿಗೆ ಹಚ್ಚಿ ನೋಡಿ ಹೇಳಿ. ಅಲ್ಲಿ ಬಳಕೆಯಲ್ಲಿರುವ ಬೇರೆ ಪದವಿದ್ದರೆ ಒಂದು ವಾಕ್ಯದಲ್ಲಿ ಬಳಸಿ ಬರೆದರೆ ತುಂಬಾ ಉಪಕಾರವಾಗುತ್ತದೆ.