'ಈಕ್ವಿವಲೆಂಟ್ ಪ್ರೊಟೆಕ್ಷನ್'ಗೆ ಕನ್ನಡ ಪದ ಬೇಕು, ತುರ್ತು

ಕಾರವಾರದಿಂದ:
ಎಲ್ಲರಿಗೂ ನಮಸ್ಕಾರ. ಕಾನೂನು ಓದುವ ಮಕ್ಕಳಿಗಾಗಿ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ಶುಕ್ರವಾರ ಪ್ರೆಸ್ಸಿಗೆ ಕೊಡಬೇಕು. 'ಈಕ್ವಿವಲೆಂಟ್ ಪ್ರೊಟೆಕ್ಷನ್' ಒಂದು ಉಳಿದುಹೋಗಿದೆ. 'ಸಮಾನ ರಕ್ಷಣೆ' ಎಂದು ಬರೆದರೆ ಓದುವವರು ಕಾನೂನಿನ ಮುಂದೆ ಎಲ್ಲರೂ ಸಮಾನ ಎನ್ನುವ ನಮ್ಮ ಸಂವಿಧಾನದ 14ನೇ ವಿಧಿ ಅಂದುಕೊಳ್ಳುತ್ತಾರೆ. ಅದೇ ಬೇರೆ, ಇದೇ ಬೇರೆ.

ಸಂದರ್ಭ ಹೀಗಿದೆ. ಟರ್ಕಿಯ ಬಾಸ್ಫರಸ್ ಎಂಬ ಕಂಪನಿ ಯುಗೊಸ್ಲಾವಿಯಾದ ವಿಮಾನವನ್ನು ಲೀಸಿಗೆ ಪಡೆದಿತ್ತು. 1993ರಲ್ಲಿ ಐರ್ಲೆಂಡ್ ಅದನ್ನು ಡಬ್ಲಿನ್‌ನಲ್ಲಿ ಜಪ್ತಿ ಮಾಡಿತು. ಯುಗೊಸ್ಲಾವಿಯಾದ ಮೇಲಿನ ವಿಶ್ವಸಂಸ್ಥೆಯ ನಿರ್ಬಂಧ ಜಾರಿಗೆ ತರಲು ಯುರೋಪಿಯನ್ ಸಮುದಾಯ (ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ) ಮಾಡಿದ್ದ ನಿಯಮದ ಪ್ರಕಾರ ಜಪ್ತಿ ಮಾಡಲೇಬೇಕಿತ್ತು. ಕಂಪನಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ಕೋರ್ಟಿಗೆ ಹೋಯಿತು, 2005ರಲ್ಲಿ ಸೋತಿತು. ಯುರೋಪಿನ ಮಾನವ ಹಕ್ಕುಗಳ ಒಪ್ಪಂದ ಕೊಡುವುದಕ್ಕೆ 'ಈಕ್ವಿವಲೆಂಟ್' ಆದ ರಕ್ಷಣೆಯನ್ನು ಆ ಸಮುದಾಯದ ಕಾನೂನೂ ಕೊಡುತ್ತದೆ, ಹಾಗಾಗಿ ಅದನ್ನು ಪಾಲಿಸಿದ ದೇಶವೂ ಸರಿಯಾಗಿಯೇ ನಡೆದಿದೆ ಎಂದು ಹಿಡಿಯುತ್ತೇವೆ ಎಂದಿತು ಕೋರ್ಟು. ರಕ್ಷಣೆಯಲ್ಲಿ ಕಣ್ಣಿಗೆ ರಾಚುವ ಕೊರತೆ ಇದ್ದರೆ ಮಾತ್ರ ಆ ನಂಬಿಕೆ ಬೀಳುತ್ತದೆ. ಪದವನ್ನೂ ಕೋರ್ಟೇ ಬಿಡಿಸಿ ಹೇಳಿದೆ: ತದ್ರೂಪ ಆಗಬೇಕಿಲ್ಲ, ಹೋಲಿಸಿದರೆ ನಿಲ್ಲುವಂತಿರಬೇಕು. 'ತತ್ಸಮಾನ' ಆದೀತೇ?

ಶಿರಸಿಯಿಂದ:
'ತತ್ಸಮಾನ' ಬೇಡ ತಂಗಿ. 'ಪಿಯುಸಿ ಅಥವಾ ತತ್ಸಮಾನ' ಅಂತ ನೇಮಕಾತಿ ಜಾಹೀರಾತಿನಲ್ಲಿ ಸವೆದ ಪದ ಅದು. 'ಸಾಟಿ' ಇದೆಯಲ್ಲ! ಭತ್ತ ಕೊಟ್ಟು ಸಾಣಿಕಟ್ಟಾದ ಉಪ್ಪು ತರುವುದಕ್ಕೆ ನಮ್ಮ ಅಜ್ಜಿ ಸಾಟಿ ಅಂತಲೇ ಹೇಳುತ್ತಿದ್ದರು. ಉಪ್ಪು ಭತ್ತ ಆಗುವುದಿಲ್ಲ, ಅಳತೆಯೂ ಒಂದೇ ಅಲ್ಲ. ಆದರೂ ಒಂದಕ್ಕೊಂದು ನಿಲ್ಲುತ್ತದೆ. ನಿಮ್ಮ ಕೋರ್ಟು ಹೇಳಿದ್ದೂ ಅದೇ ಅಲ್ವಾ? 'ಸಾಟಿ ರಕ್ಷಣೆ' ಎಂದು ಬರೆಯಿರಿ. ಸಂಸ್ಕೃತದ ಹಂಗು ಬೇಡ.

ಕಾರವಾರದಿಂದ:
ಅಣ್ಣಾ, ಉಪ್ಪಿನ ಮಾತು ತುಂಬ ಹಿಡಿಸಿತು. ಆದರೆ ಬರೀ 'ಸಾಟಿ' ಎಂದರೆ ಸಾಟಿ ಮದುವೆಯ ಹಾಗೆ ಅದಲುಬದಲು ಅನಿಸುತ್ತದೆ. ಇಲ್ಲಿ ಯಾರೂ ಏನನ್ನೂ ಬದಲಾಯಿಸಿಕೊಳ್ಳುತ್ತಿಲ್ಲ. ಒಂದು ಕೋರ್ಟು ಇನ್ನೊಂದು ವ್ಯವಸ್ಥೆಯನ್ನು ಶರತ್ತಿನ ಮೇಲೆ ನಂಬುತ್ತಿದೆ. ಇನ್ನು, 'ರಕ್ಷಣೆ'ಯೇ ಸಂಸ್ಕೃತ. ಅದನ್ನು ಬಿಟ್ಟು ಏನಿಡಲಿ?

ಶಿರಸಿಯಿಂದ:
'ಕಾಪು'.

ಕುಮಟಾದಿಂದ:
'ಕಾಪು' ಓದಿದರೆ ಉಡುಪಿ ಕಡೆಯ ಊರು ನೆನಪಾಗುತ್ತದೆ. ಸುಮ್ನೆ ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ವಕೀಲ, ಅರ್ಜಿ, ದಾವೆ, ಜಾಮೀನು, ಎಲ್ಲ ಅರಬ್ಬಿಯಿಂದ ಬಂದವು. ಕೋರ್ಟಿನ ಕನ್ನಡ ನಿಂತಿರುವುದೇ ಸಾಲದ ಮೇಲೆ.

ಶಿರಸಿಯಿಂದ:
ಆ ಪದಗಳು ಜನರ ಬಾಯಲ್ಲಿ ಪಳಗಿ ಬಂದವು. ಸಾಲ ತರುವುದಕ್ಕೂ ಹುಡುಕದೆ ಕೈಚೆಲ್ಲುವುದಕ್ಕೂ ವ್ಯತ್ಯಾಸ ಇದೆ. ಈ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು. ಕಚೇರಿಯಲ್ಲಿ ಮರಾಠಿ ಕೇಳಿಕೊಂಡೇ ಕನ್ನಡ ಉಳಿಸಿಕೊಂಡವರು ನಮ್ಮ ಹಿರಿಯರು. ಪದ ಹುಡುಕುವವರಿಗೆ 'ಸುಮ್ನೆ ಬಿಡಿ' ಅನ್ನಬೇಡಿ.

ಕಾರವಾರದಿಂದ:
'ಸರಿಸಾಟಿ ರಕ್ಷಣೆ' ಎಂದು ಹಾಕುತ್ತಿದ್ದೇನೆ. 'ಸರಿ' ಸೇರಿದರೆ ಅದಲುಬದಲಿನ ಅರ್ಥ ಹೋಗುತ್ತದೆ, 14ನೇ ವಿಧಿಯ ಗೊಂದಲವೂ ಇಲ್ಲ. ಮೊದಲ ಸಲ ಬಂದಲ್ಲಿ ಇಂಗ್ಲಿಷನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತೇನೆ. ತಕರಾರಿದ್ದರೆ ಗುರುವಾರ ಸಂಜೆಯೊಳಗೆ ಬರೆಯಿರಿ.