ಬಂಗಲೆಯ ಮರದ ತೊಟ್ಟಿ: ಬೆಣ್ಣೆಗೋ, ಐಸ್‌ಕ್ರೀಮಿಗೋ?

ಗುಜರಿಪ್ರಿಯ:
ಮೂಡಿಗೆರೆ ಕಡೆಯ ಕಾಫಿ ತೋಟದ ಹಳೆಯ ಬಂಗಲೆಯೊಂದರಿಂದ ಗುಜರಿಗೆ ಬಂದ ಎರಡು ಸಾಮಾನುಗಳನ್ನು ಚಿಕ್ಕಮಗಳೂರಿನಲ್ಲಿ ಕೊಂಡಿದ್ದೇನೆ. ಮೊದಲನೆಯದು ಹಲಗೆಗಳನ್ನು ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿದ ಮರದ ತೊಟ್ಟಿ; ಅದರೊಳಗೆ ಸುತ್ತಲೂ ನಾಲ್ಕು ಬೆರಳು ಜಾಗ ಬಿಟ್ಟು ಕೂರುವ ತಗಡಿನ ಡಬ್ಬಿಯಿದ್ದು, ತಿರುಗಿಸುವ ಹಿಡಿ ಕಳೆದುಹೋಗಿದೆ. ಎರಡನೆಯದು ದೊಡ್ಡ ಹಾಲಿನ ಕ್ಯಾನು. ಅದರ ಮೇಲಿನ ಅಕ್ಷರಗಳನ್ನು ಯಾರೋ ಉಜ್ಜಿ ಅಳಿಸಿದ್ದಾರೆ. ತೊಟ್ಟಿಯು ಬೆಣ್ಣೆ ಕಡೆಯುವುದಕ್ಕೆಂದೂ, ಕ್ಯಾನು ಹಾಸನ ಹಾಲು ಒಕ್ಕೂಟದ್ದೆಂದೂ ಮಾರಿದವರು ಹೇಳಿದರು. ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಬೇಲೂರಿನವ:
ಮಾರಿದವರ ಮಾತು ನನಗೆ ಸರಿಯೆನಿಸುತ್ತದೆ. ತೋಟದ ಬಂಗಲೆಗಳಲ್ಲಿ ಹಸು ಕಟ್ಟುತ್ತಿದ್ದರು, ಬೆಣ್ಣೆಯೂ ಆಗುತ್ತಿತ್ತು. ಆ ಕಾಲದಲ್ಲಿ ಬೆಟ್ಟದ ಮೇಲೆ ಐಸು ಎಲ್ಲಿಂದ ಬರಬೇಕು?

ಡೈರಿ ನಿವೃತ್ತ:
ಬೇಲೂರಿನವರೇ, ಬೆಣ್ಣೆ ಕಡೆಯಲು ಡಬ್ಬಿಯ ಸುತ್ತ ನಾಲ್ಕು ಬೆರಳು ಜಾಗವೇಕೆ ಬೇಕು? ಐಸು ಮತ್ತು ಕಲ್ಲುಪ್ಪನ್ನು ತುಂಬುವುದಕ್ಕೆ ಆ ಜಾಗ. ಬರೀ ಐಸು ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ, ಅದರಿಂದ ಸಕ್ಕರೆ ಬೆರೆತ ಹಾಲು ಗಟ್ಟಿಯಾಗದು. ಉಪ್ಪು ಬೆರೆತಾಗ ಮಾತ್ರ ಅದು ಶೂನ್ಯಕ್ಕಿಂತ ಸುಮಾರು 21 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಇಳಿಯಬಲ್ಲದು. ಒಳಗಿನ ರೆಕ್ಕೆ ಉಳಿದಿದ್ದರೆ ಅದನ್ನೂ ನೋಡಿ. ಹಾಲು ಮೊದಲು ಹೆಪ್ಪುಗಟ್ಟುವುದು ಡಬ್ಬಿಯ ಗೋಡೆಗೆ ಅಂಟಿಕೊಂಡು. ಅದನ್ನು ಕೆರೆದು ತೆಗೆಯಬೇಕಾದ್ದರಿಂದ ಐಸ್‌ಕ್ರೀಮಿನ ರೆಕ್ಕೆ ಗೋಡೆಯನ್ನು ಸವರುತ್ತದೆ, ಬೆಣ್ಣೆಯ ಕಡೆಗೋಲಿಗೆ ಆ ಕೆಲಸವಿಲ್ಲ.

ಬೇಲೂರಿನವ:
ರೆಕ್ಕೆ ಸಿಗದಿದ್ದರೆ? ಪಟ್ಟಿಗೆ ತುಕ್ಕು ಹಿಡಿದಿದ್ದರೂ, ಹಲಗೆಯ ಸಂದಿನಲ್ಲಿ ಉಪ್ಪು ಸಿಕ್ಕರೂ ಅಷ್ಟಕ್ಕೇ ನಾನು ಒಪ್ಪುವುದಿಲ್ಲ. ಬೇರೆ ಡಬ್ಬಿಯನ್ನು ಗುಜರಿಯವರು ಇದರೊಳಗೆ ಇಟ್ಟಿರಬಹುದು. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟ ತೊಟ್ಟಿಯಲ್ಲೂ ಉಪ್ಪಿರುತ್ತದೆ.

ಡೈರಿ ನಿವೃತ್ತ:
ಆಕ್ಷೇಪ ನ್ಯಾಯವಾದದ್ದು. ಹಾಗಾದರೆ ತೂತನ್ನು ಹುಡುಕಿ. ತೊಟ್ಟಿಯ ಪಕ್ಕದಲ್ಲಿ, ಡಬ್ಬಿಯ ಮುಚ್ಚಳದ ಮಟ್ಟಕ್ಕಿಂತ ತುಸು ಕೆಳಗೆ, ಒಂದು ತೂತಿರಬೇಕು. ಕರಗಿದ ಉಪ್ಪುನೀರು ಏರಿ ಡಬ್ಬಿಯೊಳಗೆ ನುಗ್ಗದಂತೆ ಅದು ಹೊರಗೆ ಬಿಡುತ್ತದೆ. ಉಪ್ಪಿನಕಾಯಿಯ ತೊಟ್ಟಿಗೆ ಅಂಥ ತೂತು ಕೊರೆಯುವವರು ಯಾರೂ ಇಲ್ಲ. ಡಬ್ಬಿಯ ತಳದ ನಡುವಿನ ಮೊಳೆ ತೊಟ್ಟಿಯ ತಳದ ಕುಳಿಯಲ್ಲಿ ಕೂತರೆ ಜೋಡಿಯೂ ಮೂಲದ್ದೇ.

ಮಲೆನಾಡ ಮೇಷ್ಟ್ರು:
ಕ್ಯಾನಿನ ವಿಷಯ ಬೇಗ ಮುಗಿಯುತ್ತದೆ. ಒಕ್ಕೂಟ ಆರಂಭವಾದದ್ದು 1977ರಲ್ಲಿ. ಮೆಟ್ರಿಕ್ ಅಳತೆಗೆ ದಾರಿ ಮಾಡಿದ ಕಾಯಿದೆ ಬಂದದ್ದು 1956ರಲ್ಲಿ. ಹೊಸದಾಗಿ ಒಕ್ಕೂಟಕ್ಕೆ ಬಂದ ಕ್ಯಾನು 40 ಲೀಟರಿನದಾಗಿರುವ ಸಂಭವವೇ ಹೆಚ್ಚು, ಗ್ಯಾಲನ್ ಲೆಕ್ಕದ್ದಲ್ಲ. ಬರಿದಾಗಿ ತೂಗಿ, ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸ 45 ಕಿಲೋ ದಾಟಿದರೆ ಹತ್ತು ಬ್ರಿಟಿಷ್ ಗ್ಯಾಲನ್ ಎಂದು ಶಂಕಿಸಬಹುದು. ಅಯಸ್ಕಾಂತವನ್ನೂ ಹಿಡಿದು ನೋಡಿ: ಅಲ್ಯೂಮಿನಿಯಂಗೆ ಅದು ಅಂಟುವುದಿಲ್ಲ, ತವರ ಬಳಿದ ಉಕ್ಕಿಗೆ ಅಂಟುತ್ತದೆ.

ಬೇಲೂರಿನವ:
ಅಂಚಿನವರೆಗೆ ತುಂಬಿದರೆ ಯಾವ ಕ್ಯಾನೂ ಹೆಸರಿಗಿಂತ ಹೆಚ್ಚೇ ಹಿಡಿಯುತ್ತದೆ ಎಂಬುದನ್ನು ಮರೆಯಬೇಡಿ, ಮೇಷ್ಟ್ರೇ. ಒಕ್ಕೂಟದವರು ಯಾರಿಂದಲೋ ಹಳೆಯ ಕ್ಯಾನು ಕೊಂಡಿರಲಾರರೆಂದೂ ಹೇಳಲಾಗದು.

ಗುಜರಿಪ್ರಿಯ:
ಇಂದು ಬೆಳಗ್ಗೆ ತೊಟ್ಟಿಯನ್ನು ತೊಳೆದೆ. ಅಂಚಿನಿಂದ ಐದು ಬೆರಳು ಕೆಳಗೆ ಮೇಣ ತುರುಕಿದ ತೂತು ಸಿಕ್ಕಿತು. ಡಬ್ಬಿಯ ಮೊಳೆಯೂ ಕುಳಿಗೆ ಸರಿಯಾಗಿ ಕೂರುತ್ತದೆ. ಕ್ಯಾನಿಗೆ ಅಯಸ್ಕಾಂತ ಅಂಟಿತು. ಕಂಠದ ಬುಡದವರೆಗೆ ಮಾತ್ರ ತುಂಬಿದಾಗ ನೀರು 45 ಕಿಲೋಗಿಂತ ತುಸು ಹೆಚ್ಚು ತೂಗಿತು.

ಬೇಲೂರಿನವ:
ತೊಟ್ಟಿಯ ವಿಷಯದಲ್ಲಿ ನನ್ನ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ಮೇಣವನ್ನು ತೆಗೆಯದೆ ಹಾಗೆಯೇ ಇರಿಸಿ.